ನೀರಿನೊಳಗೆ ಇಣುಕಿದ ಪೆಟ್ಟಿಗೆ

ನಾನು ಒಂದು ಮರದ ಪೆಟ್ಟಿಗೆ. ನನಗೆ ಮುಚ್ಚಳವಿಲ್ಲ. ತಳ ಇತ್ತು, ಅದು ಗಾಜಿನದು. ನನ್ನನ್ನು ಮೊದಲ ಸಲ ಕಂಡವರು ‘ಇದರೊಳಗೆ ಏನು ಇಡುತ್ತಾರೆ?’ ಎಂದು ಕೇಳುತ್ತಿದ್ದರು. ನನ್ನೊಳಗೆ ಇಡುತ್ತಿದ್ದುದು ಮುಖವನ್ನು ಮಾತ್ರ. ಹಾಗಾಗಿ ನನಗೆ ಕೆಳಗೆ ನೀರೂ ಕಾಣುತ್ತಿತ್ತು, ಮೇಲೆ ನೋಡುವವರ ಮುಖವೂ ಕಾಣುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಸೋಜಿಗ ಎಂದು ಕೇಳಿದರೆ ಈಗಲೂ ಹೇಳಲಾರೆ.

ನಾನು ಹುಟ್ಟಿದ್ದು ಬೈಂದೂರಿನಿಂದ ಉತ್ತರಕ್ಕಿರುವ ನಾಗರಕೋಡಿಯಲ್ಲಿ, ವಾಸು ಆಚಾರಿಯವರು ದೋಣಿ ಕಟ್ಟುತ್ತಿದ್ದ ಚಪ್ಪರದಡಿ. ಆ ಊರಿನ ತೆಂಕು ಬದಿಗೆ ಮರಳಿದೆ. ದೋಣಿಗಳು ಏರುವುದು ಅಲ್ಲಿ. ಬಡಗು ಬದಿಗೆ ಕರಿಬಂಡೆಗಳು ಕಡಲೊಳಕ್ಕೆ ಚಾಚಿಕೊಂಡಿವೆ. ಅದಕ್ಕೆ ಜನ ‘ಪಾರೆ’ ಎನ್ನುತ್ತಾರೆ. ಅಲೆ ಹೊಡೆದು ಹೊಡೆದು ಆ ಬಂಡೆಗಳಲ್ಲಿ ಗುಂಡಿಗಳಾಗಿವೆ. ಕಡಲು ಇಳಿದಾಗ ಗುಂಡಿಗಳಲ್ಲಿ ನೀರು ಉಳಿಯುತ್ತದೆ. ಬಂಡೆಗಂಟಿದ ಚಿಪ್ಪು ಕೀಳುವ ಹೆಂಗಸರನ್ನು ಬಿಟ್ಟರೆ ಆ ಕಡೆ ಹೋಗುವವರಿಲ್ಲ. ಕಾಲು ಜಾರಿದರೆ ಕೇಳುವವರೂ ಇಲ್ಲ.

ಒಂದು ಬೆಳಿಗ್ಗೆ ಮೀನುಗಾರ ಸೂರ ಆಚಾರಿಯವರ ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತ ನಿಂತ. ಅವನಿಗೆ ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಹೆಂಡತಿ ಮೂಕಾಂಬು ಪಾರೆಗೆ ಚಿಪ್ಪು ಕೀಳಲು ಹೋಗಿದ್ದಾಗ ಕಿವಿಯ ಬೆಂಡೋಲೆಯೊಂದು ಕಳಚಿ ಗುಂಡಿಯೊಳಗೆ ಬಿದ್ದಿತ್ತು. ಆ ಚಿನ್ನದ ಓಲೆ ಅವಳದಲ್ಲ. ಸೂರನ ತಾಯಿ ದಾರಮ್ಮ ತನ್ನ ಕಿವಿಯಿಂದ ಬಿಚ್ಚಿ ಸೊಸೆಗೆ ಹಾಕಿದ್ದು.

“ಗುಂಡಿ ಗೊತ್ತಿತ್ತ್. ಆರೆ ಗಾಳಿಗೆ ನೀರ್ ಅಲ್ಗಾಡ್ತ್. ತಳ ಕಾಂತಿಲ್ಲೆ” ಎಂದ ಸೂರ.

“ಹಾಂಗಾರೆ ನೀರಿಗೊಂದ್ ಕಿಟಕಿ ಮಾಡ್ವ” ಎಂದರು ಆಚಾರಿ.

ದೋಣಿಗೆ ಕೊಯ್ದು ಉಳಿದಿದ್ದ ಹೆಬ್ಬಲಸಿನ ಹಲಗೆಗಳನ್ನು ಜೋಡಿಸಿ ನಾಲ್ಕು ಗೋಡೆ ಮಾಡಿದರು. ಚಪ್ಪರದ ಕಂಬಕ್ಕೆ ನೇತುಹಾಕಿದ್ದ ದೇವರ ಪಟವೊಂದನ್ನು ಯಾವ ದೇವರೆಂದು ಗುರುತು ಸಿಗದಷ್ಟು ಗೆದ್ದಲು ತಿಂದಿತ್ತು. ಅದರ ಗಾಜು ನನ್ನ ತಳವಾಯಿತು. ಸಂದುಗಳಿಗೆ ಹತ್ತಿ ತುಂಬಿ, ರಾಳ ಕಾಯಿಸಿ ಹೊಯ್ದು, ಮೈಗೆಲ್ಲ ಗೇರೆಣ್ಣೆ ಬಳಿದರು. ಎರಡು ಬದಿಗೆ ಹಗ್ಗದ ಹಿಡಿ ಬಂತು. ನೀರು ಸೋರುತ್ತದೋ ಎಂದು ಪರೀಕ್ಷಿಸಲು ಆಚಾರಿಯವರೇ ಅಲೆಯಂಚಿಗೆ ಇಳಿದು, ನನ್ನನ್ನು ನೀರಿಗೆ ಒತ್ತಿ, ಬಗ್ಗಿ ನೋಡಿದರು.

“ಅಯ್ಯಪ್ಪ! ನನ್ ಕಾಲುಗ್ರ್ ಇಷ್ಟ್ ಕೊಳ್ಕಾ?” ಎಂದರು.

ನಾನು ಲೋಕಕ್ಕೆ ತೋರಿಸಿದ ಮೊದಲ ನೋಟ ಅದು.

ಮರುದಿನ ಕಡಲು ಇಳಿದಾಗ ಸೂರ ನನ್ನನ್ನು ಹೊತ್ತು ಹೆಂಡತಿಯ ಜೊತೆ ಪಾರೆಗೆ ಬಂದ. ಅಳುತ್ತಲೇ ಬಂದಿದ್ದ ಮೂಕಾಂಬುವಿನ ಕಣ್ಣು ಊದಿಕೊಂಡಿತ್ತು. ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ನನ್ನನ್ನು ನೀರಿನ ಮೇಲಿಟ್ಟು ಮುಖ ಒಳಗೆ ಹಾಕಿದಳು. ಗಾಳಿಯ ಅಲುಗಾಟ ಅಲ್ಲಿಗೇ ನಿಂತಿತು. ಗುಂಡಿಯ ತಳ ಅಂಗೈಯಷ್ಟು ನಿಚ್ಚಳವಾಗಿ ಎದುರಿಗೆ ಬಂತು.

ಮೊದಲು ನನಗೂ ಅವಳಿಗೂ ಕಂಡದ್ದು ಒಂದು ಹೂವು. ತಿಳಿ ಹಸಿರು ಎಸಳು, ಎಸಳಿನ ತುದಿಗೆ ನೇರಳೆ ಚುಕ್ಕೆ. ಕಡಲ ತಳದಲ್ಲಿ ಯಾರು ಹೂ ನೆಟ್ಟರು ಎಂದುಕೊಂಡು ಅವಳು ಬೆರಳು ಚಾಚಿದಳು. ಹೂವು ಸರ್‍ರೆಂದು ಎಸಳುಗಳನ್ನು ಒಳಗೆ ಎಳೆದುಕೊಂಡು ಉಂಡೆಯಾಗಿಬಿಟ್ಟಿತು. ಮೂಕಾಂಬು ಬೆಚ್ಚಿ ತಲೆ ಎತ್ತಿದಳು.

“ಸಿಕ್ತಾ?” ಎಂದ ಸೂರ.

“ಓಲೆ ಅಲ್ಲ. ಹೂ. ಆರೆ ಅದ್ಕೆ ಜೀವ ಇತ್ತ್. ಹೋಯ್, ಇಲ್ ಬನಿ, ಕಾಣಿ!”

ಸೂರ ನೋಡಿ “ಹೌದಲೆ” ಎಂದ. ಬಲೆ ಸರಿಮಾಡುವ ಕೆಲಸವಿತ್ತು, ಹೋದ. ಅವಳು ಉಳಿದಳು. ಅಳು ನಿಂತುಹೋಗಿದ್ದುದು ಅವಳಿಗೇ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಯಿತು, ಏಕೆಂದರೆ ನನ್ನೊಳಗೆ ಹನಿ ಬೀಳುವುದು ನಿಂತಿತ್ತು.

ಅಂದು ಓಲೆ ಸಿಗಲಿಲ್ಲ. ಮರುದಿನವೂ ಇಲ್ಲ, ಆಮೇಲೂ ಇಲ್ಲ. ಅಲೆ ಅದನ್ನು ಎಂದೋ ಎತ್ತಿಕೊಂಡು ಹೋಗಿರಬೇಕು. ಆದರೆ ಮೂಕಾಂಬು ಕಡಲು ಇಳಿದಾಗೆಲ್ಲ ಹುಡುಕುತ್ತಲೇ ಇದ್ದಳು. ಹುಡುಕುವಾಗ ಬೇರೆ ಏನೇನೋ ಸಿಗುತ್ತಿದ್ದವು. ಕಲ್ಲಿನ ಅಡಿಯಿಂದ ಒಂದು ನಕ್ಷತ್ರ ಮೀನು ಹೊರಗೆ ಬಂತು. ಅದರ ಕೈಗಳು ದಾರದಷ್ಟು ಸಪೂರ, ಹಾವಿನಂತೆ ಬಳುಕುತ್ತಿದ್ದವು. ಮರಳಿನ ಕೊಳವೆಯಿಂದ ಒಂದು ಹುಳ ಬೀಸಣಿಗೆ ಬಿಚ್ಚಿತು, ನನ್ನ ನೆರಳು ಬಿದ್ದೊಡನೆ ಮಡಚಿಕೊಂಡಿತು. ಶಂಖದೊಳಗೆ ಬಿಡಾರ ಮಾಡುವ ಸನ್ಯಾಸಿ ಏಡಿಯೊಂದು ಮನೆ ಬದಲಿಸುವುದನ್ನು ಒಂದು ದಿನ ಇಬ್ಬರೂ ನೋಡಿದೆವು. ಹೊಸ ಶಂಖದೊಳಗೆ ಕಾಲು ಹಾಕಿ ಅಳೆಯಿತು, ಉರುಳಿಸಿ ನೋಡಿತು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಿತು. ಆಮೇಲೆ ಬೆತ್ತಲೆ ಬಾಲವನ್ನು ಹಳೆಯದರಿಂದ ಎಳೆದು ಹೊಸದಕ್ಕೆ ತುರುಕಿಕೊಂಡಿತು. ಅದರ ನಾಚಿಕೆ ಕಂಡು ಮೂಕಾಂಬು ನನ್ನೊಳಗೇ ನಕ್ಕಳು. ನಗು ನಾಲ್ಕು ಹಲಗೆಗಳಿಗೆ ಬಡಿದು ಗುಂಯ್ ಎಂದಿತು.

ಮನೆಯಲ್ಲಿ ಮಾತ್ರ ನಗು ಇರಲಿಲ್ಲ.

ದಾರಮ್ಮ ಗಂಡ ಸತ್ತ ಮೇಲೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ ಮಗನನ್ನು ಸಾಕಿದವರು. ಅವರ ದನಿ ಮೂರು ಮನೆಯಾಚೆಗೆ ಕೇಳುತ್ತಿತ್ತು. ಓಲೆ ಕಡಲಿಗೆ ಬಿತ್ತೆಂಬ ಮಾತನ್ನು ಅವರು ನಂಬಲಿಲ್ಲ. ಮೂಕಾಂಬುವಿನ ತಂಗಿಗೆ ಆಗಷ್ಟೇ ಮದುವೆ ನಿಶ್ಚಯವಾಗಿತ್ತು.

“ಕಡ್ಲಿಗಲ್ಲ, ತಂಗಿ ಮದಿಗೆ ಹೋಯಿರ್ಕ್ ನನ್ನೋಲೆ” ಎಂದರು ಒಮ್ಮೆ, ಅನ್ನ ಬಡಿಸುತ್ತಿದ್ದ ಸೊಸೆಗೆ ಕೇಳುವಂತೆ. ಮೂಕಾಂಬು ಸೌಟು ಕೆಳಗಿಟ್ಟು ಎದ್ದುಹೋದಳು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಏನಾದರೂ ಹೇಳಬೇಕಾದರೆ ಸೂರನಿಗೆ ಹೇಳುತ್ತಿದ್ದರು. ಅವನು ಕಡಲಿಗೆ ಹೋದಾಗ ಬೆಕ್ಕಿಗೆ ಹೇಳುತ್ತಿದ್ದರು.

ಒಂದು ದಿನ ಮೂಕಾಂಬು ಸಂತೋಷ ತಡೆಯಲಾರದೆ ಮನೆಗೆ ಬಂದವಳೇ ಗಂಡನಿಗೆ ಬೀಸಣಿಗೆ ಹುಳದ ವಿಷಯ ಹೇಳತೊಡಗಿದಳು. ಒಳಗಿನಿಂದ ದಾರಮ್ಮ ಸಿಡಿದರು.

“ಓಲೆ ಹುಡ್ಕುಕೆ ಹೋದ್ದಾ, ಹುಳ ಆಡ್ಸುಕೆ ಹೋದ್ದಾ?”

ಮರುದಿನ ನಾನು ಅಂಗಳದಲ್ಲಿ ತಲೆಕೆಳಗಾಗಿ ಬಿದ್ದಿದ್ದೆ. ನನ್ನಡಿಯಲ್ಲಿ ಕೋಳಿಮರಿಗಳು. ಕಾಗೆ, ಗಿಡುಗ ಎತ್ತಿಕೊಂಡು ಹೋಗದಂತೆ ದಾರಮ್ಮ ನನ್ನನ್ನು ಮರಿಗಳ ಮೇಲೆ ಕವುಚಿದ್ದರು. ಉಸಿರಾಡಲು ಒಂದು ಬದಿಗೆ ಕಲ್ಲು ಕೊಟ್ಟಿದ್ದರು. ಗಾಜಿನ ಮಾಡಿನ ಗೂಡು ಎಂದು ನೆರೆಯವರು ನೋಡಲು ಬರುತ್ತಿದ್ದರು. ಮರಿಗಳಿಗೂ ನಾನು ಇಷ್ಟವಾಗಿದ್ದೆ. ನನಗೆ ಮಾತ್ರ ಆಕಾಶ ನೋಡಿ ನೋಡಿ ಸಾಕಾಯಿತು. ಗಾಜಿಗೆ ಹಿಕ್ಕೆ ಮೆತ್ತಿ ಅದೂ ಕಾಣದಂತಾಯಿತು.

ಮೂಕಾಂಬು ನನ್ನ ಪಕ್ಕದಲ್ಲೇ ಓಡಾಡುತ್ತಿದ್ದಳು. ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ದಾರಮ್ಮ ಅಂಗಳಕ್ಕೆ ಬಂದು ಅತ್ತಿತ್ತ ನೋಡಿದರು. ಸೂರ ಕಡಲಿಗೆ ಹೋಗಿದ್ದ. ಸೊಸೆ ಬಾವಿಯ ಬಳಿ ಇದ್ದಳು. ನನ್ನನ್ನು ಎತ್ತಿ, ಸೆರಗಿನಿಂದ ಗಾಜು ಒರೆಸಿ, ಕಂಕುಳಲ್ಲಿ ಅವುಚಿಕೊಂಡು ಬೇಲಿ ದಾಟಿದರು. ಮರಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ಓಲೆ ತಾನೇ ಹುಡುಕಿ ನೋಡಿಬಿಡುವುದೆಂದು ಅವರು ಹೊರಟಿದ್ದರು. ಸಿಕ್ಕರೆ ಓಲೆ ಬಂತು, ಸಿಗದಿದ್ದರೆ ಸೊಸೆಯ ಸುಳ್ಳು ಹೊರಬಿತ್ತು ಎಂಬ ಲೆಕ್ಕ ಇದ್ದೀತು.

ಹತ್ತಿರದ ಗುಂಡಿಗಳಲ್ಲಿ ಅವರಿಗೆ ಏನೂ ಕಾಣಲಿಲ್ಲ. ಕಾಣಲಿಲ್ಲವೆಂದರೆ, ಚಿನ್ನ ಕಾಣಲಿಲ್ಲ. ಹೂವು ಮುಚ್ಚಿಕೊಂಡರೆ “ಥೂ” ಎಂದು ಮುಂದಕ್ಕೆ ಹೋದರು. ಹಾಗೆ ಹೋಗುತ್ತ ಒಂದು ಕೊರಕಲು ದಾಟಿ ಪಾರೆಯ ತುದಿಯ ಬಂಡೆಗೆ ಬಂದರು. ಅಲ್ಲಿನ ಗುಂಡಿಗೆ ನನ್ನನ್ನು ಇಳಿಸಿದೊಡನೆ ಅವರು ಇನ್ನಷ್ಟು ಬಗ್ಗಿದರು. ಕಲ್ಲಿನ ಸಂದಿನಲ್ಲಿ ಹಳದಿಯದೇನೋ ಮಿರಿಮಿರಿ ಎನ್ನುತ್ತಿತ್ತು.

ಕೈ ನೀರೊಳಗೆ ಇಳಿಯಿತು. ಅಷ್ಟರಲ್ಲಿ ಆ ಹಳದಿ ನಡೆಯತೊಡಗಿತು.

ಅದು ಕಿರುಬೆರಳಿನ ತುದಿಯಷ್ಟು ಉದ್ದದ ಜೀವಿ. ಹಾಲು ಬಿಳುಪಿನ ಮೈ, ಸೀರೆಯ ಜರಿಯಂತೆ ಸುತ್ತಲೂ ಹಳದಿ ಅಂಚು. ತಲೆಯ ಮೇಲೆ ಎರಡು ಪುಟ್ಟ ಕೊಂಬು, ಬೆನ್ನಿನ ಹಿಂದೆ ಗರಿಯ ಗೊಂಚಲು. ಅಂಚನ್ನು ಎತ್ತುತ್ತ, ಇಳಿಸುತ್ತ, ಮದುವೆಮನೆಗೆ ಬಂದ ಹೆಂಗಸಿನಂತೆ ಅವಸರವಿಲ್ಲದೆ ಸಾಗುತ್ತಿತ್ತು. ದಾರಮ್ಮನ ಕೈ ನೀರಿನಲ್ಲೇ ನಿಂತಿತು. ಆ ಜೀವಿ ಅವರ ಬೆರಳನ್ನು ಕೊಂಬಿನಿಂದ ಸವರಿ, ಸುತ್ತುಹಾಕಿ ಮುಂದೆ ಹೋಯಿತು. ಅದರ ಬದಿಯಲ್ಲಿ ಒಂದು ಸಿಗಡಿ, ನಮ್ಮೂರವರ ಬಾಯಲ್ಲಿ ಸೆಟ್ಲಿ, ಕಂಡಿತು. ಅದರ ಮೈ ನನ್ನ ಗಾಜಿನಂತೆಯೇ ಪಾರದರ್ಶಕ. ಬೆನ್ನಿನೊಳಗೆ ಒಂದು ಚುಕ್ಕೆ ಪಟಪಟ ಬಡಿದುಕೊಳ್ಳುತ್ತಿತ್ತು.

ದಾರಮ್ಮನ ಮುಖ ಅಷ್ಟು ಹತ್ತಿರದಿಂದ ನಾನು ಕಂಡದ್ದು ಅದೇ ಮೊದಲು. ಹುಬ್ಬಿನ ಗಂಟು ಬಿಚ್ಚಿತ್ತು. ಬಾಯಿ ಅರೆ ತೆರೆದಿತ್ತು. ಹೊತ್ತು ಎಷ್ಟು ಕಳೆಯಿತೋ, ಕಡಲು ಏರತೊಡಗಿದ್ದು ಕಡಲಿನಲ್ಲೇ ಬದುಕಿದ ಆ ಹೆಂಗಸಿಗೆ ತಿಳಿಯಲಿಲ್ಲ.

“ಅತ್ತೇ! ನೀರ್ ಬಂತ್ ಅತ್ತೇ!”

ಕೋಳಿಮರಿಗಳು ಅಂಗಳದ ತುಂಬ ಓಡುವುದನ್ನೂ, ನಾನು ಇಲ್ಲದ್ದನ್ನೂ ಕಂಡು ಮೂಕಾಂಬು ಅತ್ತೆ ಹೋದ ದಾರಿ ಊಹಿಸಿ ಓಡಿ ಬಂದಿದ್ದಳು. ಅಷ್ಟರಲ್ಲಿ ಕೊರಕಲು ತುಂಬಿತ್ತು. ಅಲೆ ಒಳಗೆ ನುಗ್ಗಿದಾಗ ಎದೆಮಟ್ಟ, ಹಿಂದೆ ಸರಿದಾಗ ಸೊಂಟದ ಮಟ್ಟ. ದಾರಮ್ಮ ಎದ್ದು ನಿಂತರು; ಕಾಲು ಜೋಮುಹಿಡಿದು ಮತ್ತೆ ಕುಳಿತುಬಿಟ್ಟರು. ಮುಂದಿನ ಅಲೆ ಅವರ ಮೈಮೇಲೆಯೇ ಒಡೆಯಿತು. ಮೂಕಾಂಬು ಸೀರೆ ಎತ್ತಿ ಕಟ್ಟಿ ಕೊರಕಲಿಗೆ ಇಳಿದಳು. ಒಂದು ಅಲೆ ಅವಳನ್ನು ಬಂಡೆಗೆ ಉಜ್ಜಿತು. ಮೊಣಕೈಯಿಂದ ನೆತ್ತರು ಹರಿಯಿತು. ನಿಲ್ಲಲಿಲ್ಲ.

“ಪೆಟ್ಗಿ ಬಿಡಿ ಅತ್ತೆ, ಕೈ ಕೊಡಿ!”

“ಬಿಡೂದಿಲ್ಲೆ!”

ಬಿಡದಿದ್ದದ್ದೇ ಒಳ್ಳೆಯದಾಯಿತು. ನಾನು ಹೆಬ್ಬಲಸಿನವನು, ತೇಲುವುದು ನನ್ನ ಹುಟ್ಟುಗುಣ. ದಾರಮ್ಮ ನನ್ನನ್ನು ಎದೆಗೆ ಅವುಚಿ ನೀರಿಗೆ ಇಳಿದರು. ಮೂಕಾಂಬು ಇನ್ನೊಂದು ಬದಿಯ ಹಗ್ಗ ಹಿಡಿದು ಎಳೆದಳು. ನಡುವಿನಲ್ಲಿ ಅಲೆ ಮೂವರನ್ನೂ ಒಮ್ಮೆ ಎತ್ತಿ, ತಿರುಗಿಸಿ, ಇನ್ನೇನು ಹೊರಗೆ ಸೆಳೆಯಿತು ಎನ್ನುವಾಗ ಮೂಕಾಂಬುವಿನ ಕಾಲಿಗೆ ಕಲ್ಲು ಸಿಕ್ಕಿತು. ನನ್ನ ಹಗ್ಗ ಅವಳ ಅಂಗೈ ಕೊರೆದರೂ ಕೈ ಸಡಿಲವಾಗಲಿಲ್ಲ.

ಎತ್ತರದ ಬಂಡೆಯ ಮೇಲೆ ಇಬ್ಬರೂ ಒದ್ದೆ ಮುದ್ದೆಯಾಗಿ ಕುಳಿತರು. ದಾರಮ್ಮ ಸೊಸೆಯ ಅಂಗೈಯನ್ನು ಎಳೆದುಕೊಂಡು, ಹಸಿ ಗಾಯದ ಮೇಲೆ ತನ್ನ ಹೆಬ್ಬೆರಳು ಒತ್ತಿ ಹಿಡಿದು ಕೇಳಿದರು:

“ಹೆಣೆ, ಆ ಹಳ್ದಿ ಅಂಚಿಂದ್ ಎಂತದೆ?”

“ಗೊತ್ತಿಲ್ಲೆ ಅತ್ತೆ. ಕೊಂಬಿತ್ತಲ್ದಾ, ಅದೇ?”

“ಹೌದ್, ಅದೇ. ಮತ್ತೆ ಸೆಟ್ಲಿ ಕಂಡೆ. ಬುಟ್ಟಿಗಟ್ಲೆ ಸೆಟ್ಲಿ ಮಾರಿದ್ದೆ ನಾನ್. ಅದ್ರ ಎದಿ ಬಡ್ಕಂಬುದ್ ಇಷ್ಟ್ ವರ್ಷಕ್ಕೆ ಇವತ್ತೇ ಕಂಡದ್ದ್.”

ಅವರು ಕ್ಷಮೆ ಕೇಳಲಿಲ್ಲ. ಆ ವಾರವೇ ಉಳಿದಿದ್ದ ಒಂಟಿ ಓಲೆಯನ್ನು ಅಕ್ಕಸಾಲಿಗನ ಬಳಿ ಕರಗಿಸಿ ಸೊಸೆಗೆ ಮೂಗುಬೊಟ್ಟು ಮಾಡಿಸಿದರು. “ಇದ್ ಕಳ್ಕಂಡ್ರೂ ಪರ್ವಾಗಿಲ್ಲೆ, ಹುಡ್ಕುಕೆ ಹೋಪ” ಎಂದರು.

ಕೋಳಿಮರಿಗಳಿಗೆ ಬೇರೆ ಬುಟ್ಟಿ ಬಂತು.

ಆಮೇಲಿನ ವರ್ಷಗಳು ನನ್ನ ಬದುಕಿನ ಒಳ್ಳೆಯ ಕಾಲ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಬರುತ್ತಿದ್ದರು. ಎರಡು ತಲೆ ಒಮ್ಮೆಗೇ ನನ್ನೊಳಗೆ ಹಿಡಿಸದೆ ಜಗಳವಾಗುತ್ತಿತ್ತು. ಮೂಕಾಂಬು ನೋಡಿ ಸುಮ್ಮನಾಗುವವಳು, ದಾರಮ್ಮನಿಗೆ ಪ್ರಶ್ನೆಗಳು. ಇದಕ್ಕೆ ನಿದ್ದೆ ಇದೆಯಾ? ತಾಯಿಯ ಗುರುತು ಇದೆಯಾ? ಇಷ್ಟು ಸಣ್ಣ ಹೊಟ್ಟೆಗೆ ಹಸಿವು ಎಷ್ಟಿರಬಹುದು? ಕಲ್ಲನ್ನು ಮಗುಚಿ ನೋಡಿದ ಮೇಲೆ ಇದ್ದಂತೆಯೇ ತಿರುಗಿ ಇಡಬೇಕೆಂಬ ಕಟ್ಟಳೆ ಮಾಡಿದವರೂ ಅವರೇ. “ನಿನ್ ಮನಿ ಮಾಡ್ ಯಾರಾರೂ ಎತ್ತಿ ಬಿಸಾಕಿದ್ರೆ ಹ್ಯಾಂಗಾತ್?” ಎನ್ನುತ್ತಿದ್ದರು.

ಕುಂದಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಜೆಸಿಂತಾ ಮೇಡಂ ಒಂದು ಚಳಿಗಾಲದಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಪಾರೆಗೆ ಬಂದರು. ನನ್ನನ್ನು ಕಂಡು ಅವರಿಗೆ ನಗು ಬಂತು, ಆಮೇಲೆ ಆಸೆಯೂ ಆಯಿತು. “ಅಮ್ಮಾ, ಒಮ್ಮೆ ಕೊಡ್ತೀರಾ?” ಎಂದು ಕೇಳಿ ನೀರಿಗೆ ಬಗ್ಗಿದರು. ಹಳದಿ ಅಂಚಿನದು ಅಂದು ಎದುರಿಗೇ ಇತ್ತು. ದಾರಮ್ಮ ಕಾದಿದ್ದವರಂತೆ ಕೇಳಿದರು. ಮೇಡಂ ವಿವರಿಸಿದರು: ಅದು ಬಸವನಹುಳದ ಬಳಗ. ಹುಟ್ಟುವಾಗ ಚಿಪ್ಪು ಇರುತ್ತದೆ, ಬೆಳೆಯುತ್ತ ಕಳಚಿಕೊಳ್ಳುತ್ತದೆ. ಬೆನ್ನಿನ ಗರಿಗಳಿಂದ ಉಸಿರಾಡುತ್ತದೆ.

“ಅದ್ಕೆ ಕಣ್ ಕಾಂತಾ?”

“ಬೆಳಕು, ಕತ್ತಲೆ ಅಷ್ಟೇ ತಿಳೀತದೆ ಅಮ್ಮಾ. ತನ್ನ ಬಣ್ಣ ತನಗೇ ಕಾಣೂದಿಲ್ಲ.”

ದಾರಮ್ಮ ಯೋಚಿಸಿದರು. “ಹಾಂಗಾರೆ ಅಷ್ಟ್ ಬಣ್ಣ ಯಾರಿಗೆ?”

“ಮೀನಿಗೆ. ನನ್ನ ಮೈ ಕಹಿ, ಬಾಯಿ ಹಾಕಬೇಡ ಅಂತ ಹೆದರ್ಸೂದು.”

“ಅಂದ್ರೆ ಬೈಯುದ್! ಬೈಯುದನ್ನೂ ಇಷ್ಟ್ ಚೆಂದ ಮಾಡಿ ಬೈತಲೆ!”

ಮೂಕಾಂಬು ಆ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಗು ಸಾಕ್” ಎಂದರು ದಾರಮ್ಮ. ಅವರ ತುಟಿಯೂ ಬಿಗಿಯಾಗಿ ನಿಲ್ಲಲಿಲ್ಲ. ಮೇಡಂ ಅಂದಿನಿಂದ ಪ್ರತಿ ಚಳಿಗಾಲ ಬರತೊಡಗಿದರು. ಅವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳೂ ಇರುತ್ತಿದ್ದವು. “ಇದು ಯಾರಿಗೂ ಗೊತ್ತಿಲ್ಲಮ್ಮಾ” ಎಂದು ಅವರು ಹೇಳಿದ ದಿನ ದಾರಮ್ಮ ಬಲು ಖುಷಿಯಲ್ಲಿ ಮನೆಗೆ ಹೋಗುತ್ತಿದ್ದರು.

ಬಳಿಕ ದಾರಮ್ಮನ ಕಣ್ಣು ಮಸುಕಾಯಿತು. ಗುಂಡಿಯಲ್ಲಿ ಮಂಜು ಕವಿದಿದೆ ಎಂದು ಮೊದಲು ನನ್ನ ಗಾಜನ್ನು ದೂರಿದರು, ಮತ್ತೆ ಮತ್ತೆ ಒರೆಸಿದರು. ಕಣ್ಣಿನ ಹಿಂದಿನ ನರ ಒಣಗಿದೆ, ಇನ್ನು ಮಾಡುವಂಥದ್ದೇನಿಲ್ಲ ಎಂದರಂತೆ ಡಾಕ್ಟರು. ಸಂಪೂರ್ಣ ಕತ್ತಲೆಯಾದ ಮೇಲೂ ಅವರು ಪಾರೆಗೆ ಬರುವುದು ಬಿಡಲಿಲ್ಲ. ಸೊಸೆಯ ಹೆಗಲು ಹಿಡಿದು ಬಂದು ಹತ್ತಿರದ ಗುಂಡಿಯ ಬಳಿ ಕೂರುತ್ತಿದ್ದರು.

“ನೀ ಕಂಡ್ ಹೇಳ್.”

“ಚೆಂದ ಇತ್ತ್ ಅತ್ತೆ.”

“ಚೆಂದ ಅಂದ್ರೆ ನಂಗೆಂತ ತಿಳಿತ್? ಹ್ಯಾಂಗಿತ್ತ್ ಹೇಳ್.”

ಮೂಕಾಂಬು ಕಷ್ಟಪಟ್ಟಳು. ಮಾತು ಕಡಿಮೆಯ ಹೆಣ್ಣು. ನೋಡುವುದು, ತಲೆ ಎತ್ತುವುದು, ಮಾತು ಹುಡುಕುವುದು, ಮತ್ತೆ ಬಗ್ಗುವುದು. ನಿಧಾನವಾಗಿ ಮಾತು ಸಿಕ್ಕತೊಡಗಿತು. “ಮೊಟ್ಟೆ ಇತ್ತ್ ಅತ್ತೆ. ನೆನ್ಸಿಟ್ಟ ಸಾಬಕ್ಕಿ ಹಾಂಗೆ. ಒಂದೊಂದ್ರೊಳ್ಗೂ ಸಾಸ್ಮಿಯಷ್ಟ್ ಕಪ್ಪು.” ಇನ್ನೊಮ್ಮೆ: “ಹಸಿ ಅರ್ಶಿನ ಮುರ್ದ್ರೆ ಒಳ್ಗೆ ಕಾಂತಲ್ದಾ, ಆ ಬಣ್ಣ.” ದಾರಮ್ಮ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು. ನಾನು ಅಷ್ಟು ವರ್ಷ ನೋಡಿದ್ದನ್ನೇ ಮೂಕಾಂಬುವಿನ ಬಾಯಿಂದ ಕೇಳಿದಾಗ ಹೊಸದಾಗಿ ನೋಡಿದಂತಾಗುತ್ತಿತ್ತು.

ಒಂದು ದಿನ ದಾರಮ್ಮ “ಪೆಟ್ಗಿ ಆಚೆ ಇಡ್” ಎಂದರು. ಮೂಕಾಂಬು ನನ್ನನ್ನು ಬಂಡೆಯ ಮೇಲಿಟ್ಟಳು. ಅತ್ತೆಯ ಕೈ ಹಿಡಿದು ನೀರೊಳಗೆ ಇಳಿಸಿ, ಬೆರಳನ್ನು ಕಡಲಹೂವಿನ ಎಸಳಿನ ಹತ್ತಿರ ಒಯ್ದು ಬಿಟ್ಟಳು. ಹೂವು ಈ ಸಲ ಮುಚ್ಚಿಕೊಳ್ಳಲಿಲ್ಲ. ಎಸಳುಗಳು ಒಂದೊಂದಾಗಿ ಆ ಸುಕ್ಕು ಬೆರಳಿಗೆ ಅಂಟಿಕೊಂಡವು.

“ಹಿಡ್ಕಂತ್! ಹೆಣೆ, ಹಿಡ್ಕಂತ್ ಕಾಣ್ ನನ್ನ!”

ಆ ಮುದುಕಿ ಮಗುವಿನಂತೆ ಕಿರುಚಿ ನಕ್ಕರು. ನಾನು ಬಂಡೆಯ ಮೇಲಿಂದ ನೋಡುತ್ತಿದ್ದೆ. ಅಷ್ಟು ಕಾಲ ಆ ಹೂವಿನ ಅಷ್ಟು ಹತ್ತಿರ ಇದ್ದೆನಲ್ಲ, ಅದರ ಸ್ಪರ್ಶ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಮಳೆಗಾಲದಲ್ಲಿ ದಾರಮ್ಮ ತೀರಿಕೊಂಡರು. ಮೂಕಾಂಬು ಬಹಳ ದಿನ ಪಾರೆಗೆ ಬರಲಿಲ್ಲ. ಮತ್ತೆ ಬಂದಾಗ ಒಬ್ಬಳೇ ಕುಳಿತು, ಕಂಡದ್ದನ್ನು ಮೆಲ್ಲಗೆ ಬಾಯಿಬಿಟ್ಟು ಹೇಳುತ್ತಿದ್ದಳು. ನನಗೂ ಮುಪ್ಪು ಬಂದಿತ್ತು. ಸಂದುಗಳ ರಾಳ ಉದುರಿತ್ತು. ಹಲಗೆಯಲ್ಲಿ ಹುಳ ಕೊರೆದ ತೂತುಗಳಿದ್ದವು. ಕೊನೆಗೊಂದು ದಿನ ಅವಳ ಕೈಯಿಂದ ಜಾರಿ ಬಂಡೆಗೆ ಬಡಿದಾಗ ನನ್ನ ಗಾಜು ಒಡೆದುಹೋಯಿತು. ಅವಳು ಒಂದು ಚೂರೂ ಉಳಿಯದಂತೆ ಗುಂಡಿಯಿಂದ ಆರಿಸಿ ತೆಗೆದಳು.

“ಒಲೆಗೆ ಹಾಕ್” ಎಂದ ಸೂರ. ಅವನ ತಲೆಯೂ ಬೆಳ್ಳಗಾಗಿತ್ತು.

“ಬೇಡ. ಗುಂಡಿಯೊಳ್ಗೆ ಇಡ್ತೆ. ಒಳ್ಗೆ ಯಾರ್ ಬಂದ್ ಇರ್ತ್ರ್ ಕಾಂಬ.”

ಹಾಗೆ ನಾನು ಪಾರೆಯ ಗುಂಡಿಯೊಂದರ ತಳಕ್ಕೆ ಬಂದೆ. ಅಲೆ ಎಳೆದೊಯ್ಯದಂತೆ ಅವಳು ಸುತ್ತ ಕಲ್ಲು ಒತ್ತಿದಳು. ಗಾಜಿಲ್ಲದ ನನಗೆ ಈಗ ಏನೂ ಕಾಣುವುದಿಲ್ಲ. ಆದರೆ ತಿಳಿಯುತ್ತದೆ. ಕಡಲು ಏರಿದಾಗ ತಣ್ಣಗಾಗುತ್ತದೆ, ಇಳಿದಾಗ ಬಿಸಿಲಿನ ಬೆಚ್ಚಗೆ ಇಳಿಯುತ್ತದೆ. ಬಲಗಡೆಯ ಹಲಗೆಯ ಮೇಲೆ ಚಿಪ್ಪುಗಳು ಅಂಟಿಕೊಂಡಿವೆ, ಒರಟು. ಮೂಲೆಯಲ್ಲೊಂದು ಏಡಿ ರಾತ್ರಿಯೆಲ್ಲ ಕೆರೆಯುತ್ತದೆ. ನನ್ನ ಮರದೊಳಗೆ ಸುರಂಗ ಕೊರೆಯುತ್ತಿರುವ ಹುಳಗಳೂ ಹುಳಗಳಲ್ಲವಂತೆ, ಚಿಪ್ಪಿನ ಬಳಗದವೇ ಅಂತೆ, ಮೇಡಂ ಹೇಳಿದ್ದರು. ನಾನು ದಿನವೂ ಅವಕ್ಕೆ ಸ್ವಲ್ಪ ಸ್ವಲ್ಪ ಊಟವಾಗುತ್ತಿದ್ದೇನೆ. ನೋವಿಲ್ಲ. ಇನ್ನು ಕೆಲವು ಮಳೆಗಾಲ ಹೋದರೆ ನಾನು ಇರುವುದಿಲ್ಲ, ಅವು ಬೇರೆ ಮರ ಹುಡುಕಿಕೊಳ್ಳುತ್ತವೆ.

ಮೂಕಾಂಬು ಈಗಲೂ ಬರುತ್ತಾಳೆ. ಮೇಡಂ ಕೊಟ್ಟ ಈಜುವವರ ಕನ್ನಡಕವೊಂದಿದೆಯಂತೆ. ಇವತ್ತು ಬಂದಳು. ನೀರು ಸ್ವಲ್ಪ ಅಲುಗಿತು. ಅವಳು ಮುಖ ಇಳಿಸಿರಬೇಕು. ಆಮೇಲೆ ತಲೆ ಎತ್ತಿದ ಸದ್ದು, ಹಿಂದೆಯೇ ಅವಳ ದನಿ.

“ಅಯ್ಯಬ್ಬಾ! ನೀ ಯಾವಾಗ ಬಂದದ್ದೆ?”

ಕೇಳಿದ್ದು ನನ್ನನ್ನಲ್ಲ. ನನ್ನ ಎಡಗಡೆಯ ಹಲಗೆಯ ಮೇಲೆ ಬೆಳಗಿನಿಂದ ಏನೋ ಮೆತ್ತಗೆ, ಅವಸರವಿಲ್ಲದೆ ಸರಿಯುತ್ತಿದೆ. ಯಾರಿರಬಹುದು? ಅವಳು ಇನ್ನೇನು ಬಣ್ಣ ಹೇಳುತ್ತಾಳೆ. ನಾನು ಕಾಯುತ್ತಿದ್ದೇನೆ.